ಒಂದೇ ಅಚ್ಚಿನ ಎರಡು ಡಾಲರ್

ಜೂನ್ ಮೂರರ ಬೆಳಿಗ್ಗೆ ವೇಣೂರು ಸಮೀಪದ ಜಮೀನುದಾರ ಕಮಲಾಕ್ಷ, ಹೆಂಡತಿ ಕಾಂತಿಯೊಂದಿಗೆ ಠಾಣೆಗೆ ಬಂದು ದೂರು ಕೊಟ್ಟರು. ತಂದೆಯ ಕಾಲದಿಂದ ಕಪಾಟಿನಲ್ಲಿದ್ದ 1799ರ ಅಮೆರಿಕದ ಬೆಳ್ಳಿ ಡಾಲರ್ ಕಾಣೆಯಾಗಿತ್ತು. ಅನುಮಾನ ಯಾರ ಮೇಲೆ ಎಂದು ಇನ್‌ಸ್ಪೆಕ್ಟರ್ ಜಯಪ್ರಕಾಶ್ ಕೇಳಿದರು. ಮನೆಗೆಲಸದ ಸೇಸಮ್ಮನ ಹೆಸರು ಹೇಳಿದವರು ಕಾಂತಿ. ಅವಳ ಮನೆಯ ಅಕ್ಕಿ ಡಬ್ಬಿ ನೋಡಿ ಎಂದವರೂ ಅವರೇ. ಎಫ್‌ಐಆರ್ ದಾಖಲಾಯಿತು.

ಡಬ್ಬಿಯಲ್ಲಿ ನಾಣ್ಯ ಸಿಕ್ಕಿತು. ಅದೇ ಇಸವಿ, ಅದೇ ಹೆಣ್ಣಿನ ಮುಖ, ಅಂಚಿನ ನಕ್ಷತ್ರದ ಬಳಿ ಕಮಲಾಕ್ಷ ಹೇಳಿದ್ದ ಉಬ್ಬಿದ ಸಣ್ಣ ಗೆರೆ. ಪಂಚನಾಮೆಗೆ ಸಹಿ ಬಿತ್ತು. ಇಷ್ಟು ಸಲೀಸಾದ ಕೇಸು ಸಿಗುವುದೇ ಪುಣ್ಯ ಎಂದುಕೊಂಡಿತು ಠಾಣೆ.

“ಹಿರಿಯ ಧಣಿಗಳು ನನ್ನ ಅಮ್ಮನಿಗೆ ಕೊಟ್ಟದ್ದು ಸಾರ್. ಅಮ್ಮ ಈ ಧಣಿಗಳಿಗೆ ಎದೆಹಾಲು ಕೊಟ್ಟವಳು,” ಎಂದಳು ಸೇಸಮ್ಮ ಠಾಣೆಯಲ್ಲಿ.

“ಸಾಕ್ಷಿ ಉಂಟಾ?”

“ಕಾಂತಿಯಮ್ಮನಿಗೆ ತೋರಿಸಿದ್ದೆ.”

ಕಮಲಾಕ್ಷ ಹೆಂಡತಿಯ ಮುಖ ನೋಡಿದರು. ಹಾಲಿನ ಸುದ್ದಿಯೂ ಗೊತ್ತಿಲ್ಲ, ನಾಣ್ಯವನ್ನೂ ಕಂಡಿಲ್ಲ ಎಂದರು ಕಾಂತಿ. ನಾಳೆ ಮತ್ತೆ ಬರಬೇಕೆಂದು ನೋಟಿಸು ಕೊಟ್ಟು ಜಯಪ್ರಕಾಶ್ ಸೇಸಮ್ಮನನ್ನು ಮನೆಗೆ ಕಳಿಸಿದರು. ಪಾಪ, ಬರಲಿಲ್ಲ. ಬೆಳಿಗ್ಗೆ ಮಗಳು ವಿಸ್ಮಿತಾ ಬಾವಿಯಲ್ಲಿ ತಾಯಿಯ ಹೆಣ ಕಂಡಳು.

ನಾಣ್ಯ ಕಮಲಾಕ್ಷರದ್ದೇ ಹೌದೇ ಎಂದು ಖಚಿತ ಮಾಡಿಕೊಳ್ಳಲು ಜಯಪ್ರಕಾಶ್ ಹೊರಟರು. ನಾಣ್ಯವನ್ನು ಮೂಡುಬಿದಿರೆಯ ಹಳೇ ನಾಣ್ಯದ ವ್ಯಾಪಾರಿ ಅನ್ಸಾಫ್ ಬಳಿ ಒಯ್ದರು. ಕಮಲಾಕ್ಷರ ಡಾಲರ್ ಯಾವ ಅಚ್ಚಿನದೆಂದು ಗುರುತಿಸಲು ಹಿಂದಿನ ವರ್ಷ ಅದರ ಫೋಟೋ ತೆಗೆದಿದ್ದವನು ಆತ. ಅನ್ಸಾಫ್ ಫೋಟೋವನ್ನೂ ನಾಣ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದ.

“ಸಾರ್, ಇದು ಬೇರೆ ನಾಣ್ಯ.”

“ಗೆರೆ ಅದೇ ಉಂಟಲ್ಲ?”

“ಬಿರುಕು ಬಿಟ್ಟದ್ದು ಅಚ್ಚು ಸಾರ್. ಆಮೇಲೆ ಅದರಲ್ಲಿ ಹೊಡೆದ ಎಲ್ಲ ನಾಣ್ಯದಲ್ಲಿಯೂ ಗೆರೆ ಬರ್ತದೆ. ಹೊಡೆದ ಹಾಗೆ ಬಿರುಕು ಉದ್ದ ಆಗ್ತದೆ. ಅವರದ್ದರಲ್ಲಿ ಗೆರೆ ನಕ್ಷತ್ರದ ಹತ್ತಿರವೇ ನಿಂತಿದೆ. ಇದರಲ್ಲಿ ಕೂದಲಿನವರೆಗೆ ಹೋಗಿದೆ. ಇದು ಅವರದ್ದಕ್ಕಿಂತ ಆಮೇಲೆ ಹೊಡೆದದ್ದು.”

ಅಂದರೆ ಸೇಸಮ್ಮ ಹೇಳಿದ್ದು ನಿಜ. ನಾಣ್ಯವನ್ನೇ ಕಾಣದ ಕಾಂತಿಗೆ ಅಕ್ಕಿ ಡಬ್ಬಿ ಹೇಗೆ ಗೊತ್ತು? ಈ ಪ್ರಶ್ನೆ ಮೊದಲ ದಿನವೇ ಕೇಳಬೇಕಿತ್ತು. ಕೇಳದ ತಮ್ಮ ಮೇಲೆ ಜಯಪ್ರಕಾಶರಿಗೆ ಹೇಸಿಗೆಯಾಯಿತು.

ಆ ಸಂಜೆಯೊಳಗೆ ಕಮಲಾಕ್ಷರ ಮನೆಯ ಶೋಧವಾಯಿತು. ಮಹಿಳಾ ಕಾನ್‌ಸ್ಟೇಬಲ್ ಖದೀಜ, ಕಾಂತಿಯ ಸೀರೆಗಳ ನಡುವಿನಿಂದ ಡಾಲರ್ ತೆಗೆದಳು. ಸುಳ್ಳು ದೂರಿನ ಜೊತೆ ಆತ್ಮಹತ್ಯೆಗೆ ಪ್ರಚೋದನೆಯ ಕಲಮೂ ಸೇರಿತು, ಕಾಂತಿಯ ಬಂಧನವಾಯಿತು.

ಕಾಂತಿ ಎಲ್ಲವನ್ನೂ ಹೇಳಿದರು. ಮಗ ಶಿಶಿರ್ ವಿಸ್ಮಿತಾಳನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದಿದ್ದ. ಸೇಸಮ್ಮ ಕಾಂತಿಯನ್ನು ತನ್ನ ಮನೆಗೆ ಕರೆದು, ಮಗಳಿಗೆ ಕೊಡಲು ಇದೊಂದೇ ಇರುವುದೆಂದು ಡಬ್ಬಿಯಿಂದ ನಾಣ್ಯ ತೆಗೆದು ತೋರಿಸಿದ್ದಳು. ಎರಡೂ ಒಂದೇ ಥರ ಇದ್ದವು. ಕಳ್ಳಿಯ ಮಗಳೆಂದರೆ ಶಿಶಿರ್ ಬಿಟ್ಟಾನು ಎಂದು ಕಾಂತಿ ತಮ್ಮದನ್ನು ಅಡಗಿಸಿಟ್ಟರು. ಸಾಯುತ್ತಾಳೆಂದು ಎಣಿಸಿರಲಿಲ್ಲವಂತೆ.

ಜೀಪಿನ ಬಳಿ ಕಮಲಾಕ್ಷ ಕೇಳಿದ್ದು ಒಂದೇ ಮಾತು. “ಹಾಲಿನ ವಿಷಯ ನಿನಗೆ ಗೊತ್ತಿತ್ತಾ?”

“ಅತ್ತೆ ಹೇಳಿದ್ರು,” ಎಂದರು ಕಾಂತಿ. “ನಿಮಗೆ ಹೇಳಿದ್ರೆ ನೀವು ಅವಳನ್ನು ತಂಗಿ ಅಂತ ಕರೀತಿದ್ರಿ. ತಂಗಿಯ ಮಗಳು ಅಂತ ಮದುವೆಗೂ ಒಪ್ತಿದ್ರಿ.”