ಎಡಕ್ಕೆ ತಿರುಗಿದ ಬಾಣ

"ಕೈ ತೋರಿಸ್ಬೇಡಿ! ಸುಮ್ನಿರಿ!"

ಹಿಂದಿನ ಸಾಲಿನಿಂದ ಬಂದ ಆ ಗದರಿಕೆಗೆ ರುದೈನಾಳ ಬೆರಳು ಗಾಳಿಯಲ್ಲೇ ನಿಂತಿತು. ಗದರಿದ್ದು ಯಮಾನ್! ಆರು ತಿಂಗಳಿಂದ ಯಾರ ಒಂದು ಮೆಚ್ಚುಗೆಗಾಗಿ ಕನಸು ಕಾಣುತ್ತಿದ್ದಳೋ, ಅವನೇ...

ಅಮ್ಮಾನ್ ನಗರದ ಲುವೈಬ್ದೆ ಗುಡ್ಡದ ಪುಟ್ಟ ಗ್ರಂಥಾಲಯದಲ್ಲಿ ಅಂದು ತಿಂಗಳ ಕೂಟ. ಆ್ಯಪ್‌ಗಳು ಜನರ ಕೈಗೆ ಸಲೀಸಾಗಿ ಒಗ್ಗುತ್ತವೆಯೇ ಎಂದು ಪರೀಕ್ಷಿಸುವವರೆಲ್ಲ ಸೇರಿ ಒಬ್ಬರಿಂದೊಬ್ಬರು ಕಲಿಯುವ ಸಂಜೆ. ರುದೈನಾ ರೂಪಿಸಿದ ಆಸ್ಪತ್ರೆ ಆ್ಯಪನ್ನು ಉಮ್ಮ್ ಸಖ್ರ್ ಎಂಬ ಹಿರಿಯ ಹೆಂಗಸು ಎಲ್ಲರೆದುರು ಬಳಸಿ ನೋಡುತ್ತಿದ್ದರು. ಬಳಸುವವರಿಗೆ ಯಾರೂ ನೆರವಾಗಬಾರದು, ಅದೇ ನಿಯಮ. ಮುಂದೆ ಹೋಗುವ ಬಾಣ ಬಲಕ್ಕೆ ತಿರುಗಿತ್ತು. ಅರಬ್ಬಿಯನ್ನು ಬಲದಿಂದ ಎಡಕ್ಕೆ ಓದುವವರಿಗೆ ಬಲವೆಂದರೆ ಹಿಂದೆ! ಇಂಗ್ಲಿಷ್ ಆ್ಯಪಿನ ಬಾಣವನ್ನು ಹಾಗೇ ಉಳಿಸಿಬಿಟ್ಟಿದ್ದಳು ನಮ್ಮ ಹುಡುಗಿ. ಅಜ್ಜಿ ತಬ್ಬಿಬ್ಬಾದರು. "ಅಯ್ಯೋ, ಅದನ್ನೇ ಒತ್ತಿ ಖಾಲಾ" ಎಂದು ಇವಳು ಕೈ ತೋರಿಸಿದ್ದೇ ತಡ, ಆ ಗದರಿಕೆ.

'ಎಲ್ಲರೆದುರು ನನ್ನ ಮರ್ಯಾದೆ ತೆಗೆದನಲ್ಲ!'

ಮೂರು ತಿಂಗಳು ಅವಳು ಕೂಟದತ್ತ ತಲೆ ಹಾಕಲಿಲ್ಲ. ಅವನ ಸಂದೇಶಗಳನ್ನು ತೆರೆಯಲೂ ಇಲ್ಲ. ಕನಸಿಗೆ ಮಾತ್ರ ಅವನು ತಪ್ಪದೆ ಬರುತ್ತಿದ್ದ... ಹಾಳು ಮನಸ್ಸು!

ಆದರೆ ಬಾಣವನ್ನು ಎಡಕ್ಕೆ ತಿರುಗಿಸಿದ್ದಳು. ಅದನ್ನು ಪರೀಕ್ಷಿಸಲೆಂದೇ ಒಂದು ಮಧ್ಯಾಹ್ನ ಉಮ್ಮ್ ಸಖ್ರ್ ಮನೆಗೆ ಹೋದಳು. ಬಾಲ್ಕನಿಯ ತುಂಬ ಮಲ್ಲಿಗೆ, ಹಿತವಾದ ಬಿಸಿಲು. ಈ ಸಲ ಅವಳು ಕೈಕಟ್ಟಿ, ಉಸಿರು ಬಿಗಿಹಿಡಿದು ಕುಳಿತಳು.

ಅಜ್ಜಿ ಒತ್ತಿದರು. ಮತ್ತೆ ಒತ್ತಿದರು...

"ಮುಗಿದೇ ಹೋಯ್ತಾ? ನಾನೊಬ್ಳೇ ಮಾಡಿದ್ನಾ?" ಅವರ ಮುಖ ಅರಳಿತು. ಒಳಗೆ ತಿರುಗಿ ಕೂಗಿದರು, "ಬಾರೋ ಯಮ್ಮಾ, ನೋಡಿಲ್ಲಿ!"

ರುದೈನಾ ತಟ್ಟನೆ ತಿರುಗಿ ನೋಡಿದಳು. ಇಲ್ಲಿ 'ಯಮ್ಮಾ' ಎಂದು ತಾಯಿ ಕರೆಯುವುದು ಹೆತ್ತ ಮಗುವನ್ನು. ಚಹಾ ಹಿಡಿದು ಹೊರಬಂದವನು ಯಮಾನ್!

"ನೀವು... ಇವರ ಮಗನಾ?"

"ಸಖ್ರ್ ನಮ್ಮಣ್ಣ. ಅಮ್ಮನ್ನ ಎಲ್ರೂ 'ಸಖ್ರ್‌ನ ಅಮ್ಮ' ಅಂತ ಅವನ ಹೆಸರಲ್ಲೇ ಕರೀತಾರೆ. ಎರಡನೆಯವನನ್ನ ಯಾರು ಕೇಳ್ತಾರೆ ಬಿಡಿ!" ನಕ್ಕವನು ತಲೆ ತಗ್ಗಿಸಿದ. "ಮನೇಲಿ ನಾವೆಲ್ಲ ಅಮ್ಮನ ಕೈಯಿಂದ ಫೋನ್ ಕಿತ್ಕೊಂಡು 'ಹೀಗಲ್ಲ, ಹೀಗೆ' ಅಂತೀವಿ. ಅವತ್ತೂ ಅಮ್ಮನ ಮುಖ ಸಣ್ಣಗಾಯ್ತು. ತಡೀಲಾರ್ದೆ ಕೂಗ್ಬಿಟ್ಟೆ. ಕ್ಷಮೆ ಕೇಳಿ ಹದಿನಾಲ್ಕು ಸಂದೇಶ ಕಳಿಸಿದೆ..."

ಅಯ್ಯೋ, ಒಂದನ್ನಾದರೂ ತೆರೆದಿದ್ದರೆ! ಅವಳ ಕಣ್ಣು ತುಂಬಿ ಬಂತು. ಫೋನನ್ನು ಅವನ ಕೈಗಿಟ್ಟಳು.

"ಪರೀಕ್ಷೆಗೆ ಇನ್ನೊಬ್ರು ಬೇಕು. ನಿಯಮ ಗೊತ್ತಲ್ಲ? ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳ್ಬೇಕು. ನಾನು ಸಹಾಯ ಮಾಡೋ ಹಾಗಿಲ್ಲ."

"ಏನು ತೊಂದರೆ ಅಂತ ಆ್ಯಪ್ ಕೇಳ್ತಿದೆ... ನಿದ್ದೆ ಬರಲ್ಲ. ಎಷ್ಟು ದಿನದಿಂದ? ಮೂರು ತಿಂಗಳು. ಕಾರಣ... ರುದೈನಾ. ಅವಳನ್ನ ಪ್ರೀತಿಸ್ತೀನಿ, ಹೇಳೋಕೆ ಧೈರ್ಯ ಇಲ್ಲ..." ಅವನ ಬೆರಳು ಪರದೆಯ ಮೇಲೇ ನಿಂತಿತು. "ಸಿಕ್ಕಿಹಾಕ್ಕೊಂಡೆ. ಮುಂದೆ ಹೋಗೋದು ಹೇಗೆ?"

ರುದೈನಾ ತುಟಿ ಕಚ್ಚಿದಳು. ನಿಯಮ... ನಿಯಮ! ಮರುಕ್ಷಣ ಅವನ ಬೆರಳು ಹಿಡಿದು ಮೆಲ್ಲಗೆ ಎಡಕ್ಕೆ ಸರಿಸಿದಳು.

"ಕೈ ತೋರಿಸ್ಬೇಡಿ! ಸುಮ್ನಿರಿ!" ಉಮ್ಮ್ ಸಖ್ರ್ ಬಿದ್ದು ಬಿದ್ದು ನಕ್ಕರು.

"ನಿಯಮ ಮುರಿದ್ರಲ್ಲ..." ಎಂದ ಯಮಾನ್.

"ಹೂಂ, ಮುರಿದೆ. ಒಬ್ನೇ ಹೋಗ್ತೀಯೇನು ಮುಂದೆ?"

"ಏನಂದ್ರಿ? 'ಹೋಗ್ತೀಯೇನು' ಅಂತನಾ?"

ಅವಳ ಕೆನ್ನೆ ಕೆಂಪಾಯಿತು. "ಮನಸ್ಸಲ್ಲಿದ್ದದ್ದು... ಜೋರಾಗಿ ಬಂದ್ಬಿಡ್ತು."