ತೆಂಪುಕು ವರ್ಷದ ತಪ್ಪಲೆ

"ಅದನ್ನ ಮುಟ್ಬ್ಯಾಡ ಬಾಬಣ್ಣ. ಮಾರಿ ಸಂಗಡ ಗಡಿ ದಾಟ್ಸಿರೋ ಸಾಮಾನು. ಇದ್ದ ಜಾಗಕ್ಕೇ ಇಟ್ಬುಟ್ಟು ಬಾ."

ನೆರೆಮನೆಯ ಮುದುಕಿ ಮಂಚಮ್ಮ ಬೇಲಿಯಾಚೆ ನಿಂತು ಇಷ್ಟು ಹೇಳುವ ಹೊತ್ತಿಗೆ ಬಾಬು ಜಾನ್ ಗಡಿಯಿಂದ ಹೊತ್ತು ತಂದ ತಾಮ್ರದ ತಪ್ಪಲೆಯನ್ನು ಅಂಗಳದಲ್ಲಿ ಇಳಿಸಿಯಾಗಿತ್ತು. ಮೈಸೂರಿನಿಂದ ಗುತ್ತಲಿಗೆ ಬಂದು ಮೂರು ತಿಂಗಳಾಗಿದ್ದ ಪಾತ್ರೆಗೆ ತವರದ ಕಲಾಯಿ ಹಾಕುವವನು ಅವನು. ಜೊತೆಗಿದ್ದವಳು ಎಂಟು ವರ್ಷದ ತಾಯಿಯಿಲ್ಲದ ಮಗಳು ಅಜೀಜಾ ಒಬ್ಬಳೇ. ಹಳ್ಳಿಯವರ ಭಯವೆಂದರೆ ಅವನಿಗೆ ಒಳ್ಳೆ ತಮಾಷೆ.

ಹಿಂದಿನ ವಾರ ಊರಿಗೆ ಕಾಲರಾ ಬಂದು ನಾಲ್ಕು ಹೆಣ ಬಿದ್ದಿದ್ದವು. ಊರವರು ಒಡಕು ಮೊರದಲ್ಲಿ ಬೇವಿನ ಸೊಪ್ಪು, ಅರಿಸಿನದ ಅನ್ನ ಇಟ್ಟು, ಮಾರಿಯನ್ನು ಅದರಲ್ಲಿ ಕೂರಿಸಿ, ಯಲಿಯೂರು ಕಡೆಯ ಗಡಿಯಲ್ಲಿ ಬಿಟ್ಟು ತಿರುಗಿ ನೋಡದೆ ಬಂದಿದ್ದರು. ಮಂಚಮ್ಮ ತನ್ನ ಸತ್ತ ಮಗನ ತಪ್ಪಲೆಯನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದಳು. ಮಗ ಮರಿಯಯ್ಯ ಬರ್ಮಾ ಯುದ್ಧದಲ್ಲಿ ಲಾರಿ ಓಡಿಸಿದವನು. ಸೆರೆಸಿಕ್ಕ ಜಪಾನಿನವನೊಬ್ಬ ಕತೆ ಹೇಳಿ ಅವನ ಕೈಗೆ ಕೊಟ್ಟ ತಪ್ಪಲೆ ಅದು. ಅದರ ಹೊಟ್ಟೆಯ ಮೇಲೆ ಗುಬ್ಬಿ ಕಾಲಿನ ಗುರುತಿನ ಹಾಗೆ ನಾಲ್ಕು ಅಕ್ಷರಗಳಿದ್ದವು.

"ಆ ದೇಸದಲ್ಲಿ ರಾಜ್ರು ವರ್ಸಕ್ಕೂ ಮಕ್ಳಿಗಿಟ್ಟಂಗೆ ಎಸ್ರು ಇಡ್ತಾರಂತೆ ಕಣಪ್ಪ," ಎಂದಳು ಮಂಚಮ್ಮ. "ಏಳ್ನೂರು ವರ್ಸದ ಇಂದೆ ತೆಂಪುಕು ಅಂತ ಇಟ್ರಂತೆ. ಆಕಾಸದ ಭಾಗ್ಯ ಅಂತ ಅರ್ಥವಂತೆ. ಎಲ್ಲಿ ಬಂತು ಭಾಗ್ಯ! ರಾಣಿ ಎರಿಗೇಲಿ ಸತ್ತೋದ್ಲು, ಇಂದ್ಗುಟ್ಟೇ ಅವ್ಳ ಗಂಡ ಸತ್ತೋದ. ಒಂದೂವರೆ ವರ್ಸಕ್ಕೇ ಆ ಎಸ್ರ ಎಸೆದ್ಬುಟ್ಟು ಬ್ಯಾರೆ ಎಸ್ರು ಇಟ್ರಂತೆ. ನಾವು ಮಾರಿ ಸಾಗ್ಸಲ್ವಾ, ಅಂಗೇಯ. ಎಸೆದ ವರ್ಸದ ಪೀಡೆ ಎಲ್ಲ ಆ ಎಸ್ರೊಳಗೇ ಕುಂತೈತೆ. ಈ ತಪ್ಪಲೆ ಮ್ಯಾಲೆ ಬರ್ದಿರೋದು ಅದೇ ಎಸ್ರು. ಅಕ್ಸರ ಅಳಿಸ್ಬ್ಯಾಡ ಅಂತ ನನ್ ಮಗ ಸಾಯೋವಾಗ್ಲೂ ಏಳ್ದ."

"ವರ್ಷಕ್ಕೂ ದೆವ್ವ ಹಿಡಿಯುತ್ತೆ ಅಂತ ಇವತ್ತೇ ಕೇಳಿದ್ದು ಅವ್ವಾ!" ಬಾಬು ಜಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಕಲಾಯಿ ನವಸಾಗರದ ಹೊಗೆಗೆ ಯಾವ ಪೀಡೆ ನಿಲ್ಲುತ್ತೆ ಹೇಳು."

ಮಗಳ ಮದುವೆಗೆಂದು ತೆಗೆದಿಡುವ ಮೊದಲ ಪಾತ್ರೆ ಇದೇ ಆಗಲಿ ಎಂದು ಅವನು ಆಗಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದ. ಹೆಣ್ಣಿನ ಪಾತ್ರೆಯ ಮೇಲೆ ಹೆಣ್ಣಿನ ಹೆಸರಿರಬೇಕಲ್ಲ. ಅರ ತೆಗೆದುಕೊಂಡು ಆ ನಾಲ್ಕು ಅಕ್ಷರಗಳನ್ನು ಉಜ್ಜಿ ಉಜ್ಜಿ ಪುಡಿಮಾಡಿದ. ಉಜ್ಜುವಾಗ ಒಂದು ನಾತ ಎದ್ದಿತು. ಬಿಸಿಲಿಗೆ ಬಿದ್ದ ಹೆಣದ ಬಾಯಿ ತೆರೆದಂಥ ನಾತ. ಹಳೇ ಕಿಲುಬು ಎಂದುಕೊಂಡು ಮೂಗಿಗೆ ಬಟ್ಟೆ ಕಟ್ಟಿದ. ಇದ್ದಿಲು ಹೊತ್ತಿಸಿ, ತಿದಿಯೊತ್ತಿ, ಒಳಗೆಲ್ಲ ತವರ ಬಳಿದು ಥಳಥಳ ಮಾಡಿದ. ಆಮೇಲೆ ಉಳಿ ಹಿಡಿದು, ಅಳಿಸಿದ ಜಾಗದಲ್ಲೇ, ಚುಕ್ಕೆ ಚುಕ್ಕೆಯಾಗಿ ಕೊರೆದ: ಅಜೀಜಾ. ಪಾತ್ರೆಗೆ ಹೆಸರು ಹೊಡೆಯುವಷ್ಟು ಕನ್ನಡ ಅವನಿಗೆ ಬರುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನಕ್ಕೆಲ್ಲ ಮಗುವಿನ ಬಾಯಿ ನಾರತೊಡಗಿತು.

ಥೂ, ಹೇಳಲೂ ಹೇಸಿಗೆ. ಮೊದಲು ಉಗುಳು ಲೋಳೆಯಾಯಿತು. ಲೋಳೆ ಕಪ್ಪಾಯಿತು. ಕೆಮ್ಮಿದಾಗ ಗಂಟಲಿನಿಂದ ಒಂದು ಕೂದಲೆಳೆ ಹೊರಬಂತು. ಬಾಬು ಜಾನ್ ಹಿಡಿದು ಎಳೆದ. ಮೊಳ ಬಂತು. ಇನ್ನೊಂದು ಮೊಳ ಬಂತು. ಯಾರದೋ ಹೆಂಗಸಿನ, ಎಣ್ಣೆ ಹಚ್ಚಿದ, ಉದ್ದ ಕೂದಲು. ಅದರ ತುದಿಗೆ ನೆತ್ತಿಯ ಚರ್ಮ ಅಂಟಿಕೊಂಡಿತ್ತು. ಅವನು ಅಲ್ಲೇ ವಾಂತಿ ಮಾಡಿಕೊಂಡ. ಮೂಲೆಯಲ್ಲಿ ತಪ್ಪಲೆ ತುಂಬ ನೊಣ. ಒಳಗೆ ಬಳಿದಿದ್ದ ತವರ ಕೀವಿನಂತೆ ಒಸರುತ್ತಿತ್ತು. ನವಸಾಗರದ ಹೊಗೆ ಹಾಕಿದ. ನೊಣಗಳು ಅಲುಗಲಿಲ್ಲ.

ಮಜ್ಜಿಗೆ ಹಿಡಿದು ಬಂದ ಮಂಚಮ್ಮ ಬಾಗಿಲಲ್ಲೇ ನಿಂತಳು. ಒಮ್ಮೆ ತಪ್ಪಲೆಯನ್ನು, ಒಮ್ಮೆ ಮಗುವನ್ನು ನೋಡಿದಳು. ಬಯ್ಯಲಿಲ್ಲ. ಮೂಗೂ ಮುಚ್ಚಿಕೊಳ್ಳಲಿಲ್ಲ. ಅಜೀಜಾಳನ್ನು ಮಡಿಲಿಗೆ ಎಳೆದುಕೊಂಡು ಆ ಲೋಳೆಯನ್ನೆಲ್ಲ ತನ್ನ ಸೆರಗಿನಲ್ಲೇ ಒರೆಸಿದಳು.

"ಅಳೇ ಎಸ್ರು ಬರ್ಯಕ್ಕೆ ಬತ್ತದಾ?"

"ಪುಡಿಮಾಡಿ ಮಗಳ ಹೆಸರು ಕೊರೆದುಬಿಟ್ಟೆ ಅವ್ವಾ. ಆ ಅಕ್ಷರ ಯಾರಿಗೆ ಬರುತ್ತೆ!"

"ಅಂಗಾರೆ ರಾಜ್ರು ಮಾಡ್ದಂಗೆ ಮಾಡು. ಮಗೀನ ಎಸ್ರು ತೆಗೆದು ಬ್ಯಾರೆ ಎಸ್ರು ಕೊಡು. ಕಲ್ಲಿಂದೋ ಮರದ್ದೋ ಕೊಡು. ಬ್ಯಾಗ, ಉಸುರು ಸಿಕ್ಕೊತೈತೆ!"

ಅವನು ತಪ್ಪಲೆ ಎತ್ತಿಕೊಂಡು ಅಂಗಳಕ್ಕೆ ಓಡಿದ. ಅಜೀಜಾ ಎಂಬುದನ್ನು ಅರದಿಂದ ಉಜ್ಜಿದ. 'ಬೇವು' ಎಂದು ಕೊರೆದ. ತಾಮ್ರ ಹುಣ್ಣಿನಂತೆ ಊದಿ ಆ ಹೆಸರನ್ನು ನುಂಗಿತು. ಅಜೀಜಾ ಮತ್ತೆ ಮೇಲೆದ್ದಿತು. ಉಜ್ಜಿ 'ಕಲ್ಲು' ಎಂದು ಕೊರೆದ. ಅದನ್ನೂ ನುಂಗಿತು. ಪೀಡೆಗೆ ಉಸಿರಾಡುವವರ ಹೆಸರು ಬೇಕಾಗಿತ್ತು. ಒಳಗೆ ಮಗು ಗೊರಗುಟ್ಟಿತು. ಅವನು ಹಲ್ಲು ಕಚ್ಚಿ ತನ್ನ ಹೆಸರನ್ನೇ ಕೊರೆಯತೊಡಗಿದ. 'ಬಾ' ಆಯಿತು. ಅಕ್ಷರ ನಿಂತಿತು. ಒಳಗೆ ಗೊರಗೊರ ಸದ್ದು ತಗ್ಗಿತು. ಅವನ ನಾಲಿಗೆಯಡಿ ಏನೋ ಹರಿದಾಡಿತು. ಬೆರಳು ಹಾಕಿದ. ಕೂದಲು. ತಣ್ಣಗೆ. ಒದ್ದೆ. ಅವನ ಗಂಟಲಿಗೆ ತಾನಾಗಿ ಇಳಿಯುತ್ತಿತ್ತು.

ಉಳಿ ಕೈಜಾರಿತು.

ನಾನು ಸತ್ತರೆ ಮಗಳನ್ನು ನೋಡಿಕೊಳ್ಳುವವರು ಯಾರು ಎಂದುಕೊಂಡ. ಅದು ನೆಪ. ಹೆದರಿದ್ದ, ಅಷ್ಟೇ. 'ಬಾ' ಎಂಬುದನ್ನು ಉಜ್ಜಿ ತೆಗೆದ. ಒಳಗೆ ಮಗು ಮತ್ತೆ ಕಿರುಚಿತು. ಅವನಿಗೆ ಈ ಊರಲ್ಲಿ ಚೆನ್ನಾಗಿ ಗೊತ್ತಿದ್ದ ಬೇರೆ ಹೆಸರು ಒಂದೇ ಒಂದು. ಅಸಹ್ಯವೆಂದರೆ, ಮೂರು ಅಕ್ಷರವನ್ನೂ ಚೊಕ್ಕಟವಾಗಿ ಕೊರೆದ.

ನೊಣಗಳೆಲ್ಲ ಒಮ್ಮೆಲೇ ಎದ್ದು ಹೋದವು. ಅಜೀಜಾ ಉದ್ದಕ್ಕೆ ಉಸಿರೆಳೆದು "ಅಜ್ಜೀ, ಮಜ್ಜಿಗೆ" ಎಂದಳು.

ಮಂಚಮ್ಮ ಕಣ್ಣೊರೆಸಿಕೊಂಡು ಹೊರಗೆ ಬಂದಳು. "ಉಳೀತು ಕಣಪ್ಪ ಮಗು! ಯಾವ ಎಸ್ರು ಕೊಟ್ಟೆ?"

ಅವಳಿಗೆ ಓದು ಬಾರದು. ಅದು ಅವನಿಗೂ ಗೊತ್ತಿತ್ತು.

"ಯಾವುದೋ ಮರದ್ದು ಅವ್ವಾ."

"ಒಳ್ಳೇದಾತು. ಕೊಡಿಲ್ಲಿ, ಗಡಿ ದಾಟ್ಸಿ ಬತ್ತೀನಿ. ನೀನು ಮಗೀನ ತಾವ ಇರು."

ಅವನು ತಪ್ಪಲೆಯನ್ನು ತಾನೇ ಎತ್ತಿ ಅವಳ ಸೊಂಟಕ್ಕೆ ಕೊಟ್ಟ. ಅವಳು ನಾಲ್ಕು ಹೆಜ್ಜೆ ಹೋಗಿ ಮೂಗರಳಿಸಿದಳು. "ಥೂ, ಎಲ್ಲೋ ಇಲಿ ಸತ್ತಿರ್ಬೇಕು," ಎಂದು ಗೊಣಗಿ ಮುಂದೆ ನಡೆದಳು.

ಅಜೀಜಾ ಬಾಗಿಲಿಗೆ ಬಂದು ನಿಂತಿದ್ದಳು. ಶಾಲೆಯಲ್ಲಿ ಈಗಷ್ಟೇ ಒತ್ತಕ್ಷರ ಕಲಿಯುತ್ತಿದ್ದಳು. ಅಜ್ಜಿಯ ಸೊಂಟದ ಮೇಲೆ ಹೊಳೆಯುತ್ತಿದ್ದುದನ್ನು ಗಟ್ಟಿಯಾಗಿ ಕೂಡಿಸಿ ಓದಿದಳು.

"ಮಂ... ಚ... ಮ್ಮ."

ಬಾಬು ಜಾನ್ ಅವಳ ಬಾಯಿ ಮುಚ್ಚುವಷ್ಟರಲ್ಲಿ ಮುದುಕಿ ಹಿಂದಿರುಗಿ ನೋಡಿದಳು. ಮಗು ಕರೆಯಿತೆಂದುಕೊಂಡಳು.

"ಅಜ್ಜಿ ಅನ್ನವ್ವಾ! ದೊಡ್ಡೋರ್ನ ಎಸ್ರಿಡಿದು ಕರೀತಾರಾ?"

ಬಾಯ್ತುಂಬ ನಗುತ್ತಿದ್ದಳು. ಹಲ್ಲಿನ ಸಂದಿಯಿಂದ ಒಂದು ಕಪ್ಪು ಕೂದಲೆಳೆ ಗಲ್ಲದವರೆಗೆ ಇಳಿಬಿದ್ದಿತ್ತು.