ಓಕರಿಕೆ ಇಲ್ಲದ ವಾರ್ಡು

ಹೊಟ್ಟೆ ತೊಳಸುವುದು ರೋಗಿಗೆ ಗೊತ್ತಾಗುವ ಮೊದಲೇ ಶಮನಿಗೆ ಗೊತ್ತಾಗುತ್ತಿತ್ತು. ಅಂಗೈಯಗಲದ ಆ ಪಂಪು ನೀಲಗಂಗವ್ವನ ಹಾಸಿಗೆಯ ಸರಳಿಗೆ ಜೋತುಬಿದ್ದಿತ್ತು. ಮಿದುಳಿನಿಂದ ಹೊಟ್ಟೆಗಿಳಿಯುವ ವೇಗಸ್ ನರದ ಮಿಡಿತವನ್ನು ಅದು ಕುತ್ತಿಗೆಗೆ ಅಂಟಿಸಿದ ಪಟ್ಟಿಯ ಮೂಲಕ ಓದುತ್ತಿತ್ತು. ನರ ಕದಲಿತೆಂದರೆ ಚರ್ಮದಡಿಯ ಸೂಜಿಯಿಂದ ಹರಿಯುವ ಔಷಧ ತುಸು ಹೆಚ್ಚುತ್ತಿತ್ತು. ಹಿಂದೆ ಹೊತ್ತುಹೊತ್ತಿಗೆ ಇಂಜೆಕ್ಷನ್ ಕೊಡುತ್ತಿದ್ದರು; ನಡುವಿನ ಸಂದಿನಲ್ಲಿ ಓಕರಿಕೆ ನುಗ್ಗಿಬರುತ್ತಿತ್ತು. ಈಗ ಧಾರೆ ಕಡಿಯುವುದೇ ಇಲ್ಲ. ೨೦೫೮ರ ಹೊತ್ತಿಗೆ ಕ್ಯಾನ್ಸರ್ ವಾರ್ಡುಗಳಲ್ಲಿ ವಾಂತಿಯ ಬೇಸಿನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಶಮನಿಯನ್ನು ರೂಪಿಸಿದ ಡಾ. ವಜ್ರಮತಿ ಉಪಾಧ್ಯೆ ವಿಜಯಪುರದ ಅದೇ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ನೀಲಗಂಗವ್ವ ಖಾನಾವಳಿ ನಡೆಸಿದ ಹೆಂಗಸು. ಯಕೃತ್ತಿನ ತುಂಬ ಗಡ್ಡೆ. ಒಂದು ವಾರ ಉಳಿದರೆ ಹೆಚ್ಚು. ಆದರೆ ಔಷಧ ಹಸಿವನ್ನೂ ಕೆರಳಿಸುತ್ತಿತ್ತು. ಹಾಸಿಗೆಯಲ್ಲಿ ಕುಳಿತು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ, ಉಪ್ಪು ಸಾಲದೆಂದು ಗಂಡ ಈರಸಂಗಪ್ಪನ ಮೇಲೆ ರೇಗುತ್ತಿದ್ದಳು.

“ಯಜಮಾನ್ರ, ಮಗಳನ್ನ ಇವತ್ತ ಕರಸ್ರಿ,” ಎಂದು ವಜ್ರಮತಿ ಮತ್ತೆ ಹೇಳಿದಳು.

ಈರಸಂಗಪ್ಪ ಬುತ್ತಿ ಡಬ್ಬಿ ಮುಚ್ಚುತ್ತ ನಕ್ಕ. “ದಾನಮ್ಮ ಹಸಿ ಬಾಣಂತಿ ಅದಾಳ್ರೀ. ಜಮಖಂಡಿಯಿಂದ ಹ್ಯಾಂಗ ಕರಸ್ಲಿ? ಇಕಿ ನೋಡಿದ್ರ ನನಕಿಂತ ಹೆಚ್ಚು ಉಣ್ಣಾಕತ್ತಾಳ.”

“ಆ ಹಸಿವು ಪಂಪಿಂದ್ರೀ. ರೋಗ ಇದ್ದಲ್ಲೇ ಐತಿ.”

“ಪಂಪ ಛಲೋ ಮಾಡೀರಿ,” ಎಂದು ಅವನು ಕೈಮುಗಿದ.

ವಜ್ರಮತಿ ಸ್ಕ್ಯಾನ್ ತೋರಿಸಿದ್ದಳು, ಬಿಡಿಸಿ ಬಿಡಿಸಿ ಹೇಳಿದ್ದಳು. ನಮ್ಮ ಮನೆಗಳಲ್ಲಿ ರೋಗಿಯನ್ನು ಅಳೆಯುವುದು ತಟ್ಟೆಯಿಂದ. ತಟ್ಟೆ ಖಾಲಿಯಾದರೆ ಯಾವ ಸ್ಕ್ಯಾನೂ ಲೆಕ್ಕಕ್ಕಿಲ್ಲ.

ಅವನು ನೀರು ತರಲು ಹೋದಾಗ ನೀಲಗಂಗವ್ವ ವಜ್ರಮತಿಯ ಕೈ ಹಿಡಿದಳು.

“ನನಗ ಗೊತ್ತೈತಿ ತಾಯಿ. ನಾ ಹೇಳಿದ್ರ ಬಿಡ್ತು ಅನ್ನು ಅಂತಾರ. ಇದನ್ನ ತುಸು ಬಂದ್ ಮಾಡ್ರಿ. ಕಣ್ಣೀಲೆ ಕಂಡ್ರ ನಂಬತಾರ.”

“ಭಾಳ ತ್ರಾಸ ಆಗತೈತ್ರೀ.”

“ಆಗ್ಲಿ. ಮಗಳ ಮಾರಿ ನೋಡಬೇಕು. ಕೂಸಿಂದೂ.”

ಯಾವುದನ್ನು ತಡೆಯಲೆಂದು ಅರ್ಧ ಆಯುಷ್ಯ ಸವೆಸಿದಳೋ ಅದನ್ನೇ ಬರಮಾಡಿಕೊಳ್ಳಬೇಕಿತ್ತು. ವಜ್ರಮತಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಪಂಪನ್ನು ನಿಲ್ಲಿಸಿದಳು.

ಅರ್ಧ ಗಂಟೆಯೊಳಗೆ ನೀಲಗಂಗವ್ವ ಕರುಳು ಕಿತ್ತು ಬರುವಂತೆ ಕಾರಿಕೊಂಡಳು. ಬೇಸಿನ್ನಿಗೆಂದು ನರ್ಸು ವಾರ್ಡೆಲ್ಲ ಹುಡುಕಾಡಿದಳು. ಈರಸಂಗಪ್ಪ ಹೆಗಲ ಮೇಲಿನ ಟವೆಲನ್ನೇ ಒಡ್ಡಿದ. ಅವಳು ಮತ್ತೆ ಮತ್ತೆ ಕಾರಿಕೊಂಡಳು. ಅವನು ಅವಳ ಬೆನ್ನು ನೀವಿದ. ಕೊನೆಗೆ, “ಫೋನ ಹಚ್ಚತೀನಿ,” ಎಂದ.

ವಜ್ರಮತಿ ತಡಮಾಡದೆ ಪಂಪು ಚಾಲೂ ಮಾಡಿದಳು. ಸ್ವಲ್ಪ ಹೊತ್ತಿನಲ್ಲೇ ಸಂಕಟ ಇಳಿಯಿತು. ನೀಲಗಂಗವ್ವ ಹಾಲು ಅನ್ನ ಕೇಳಿ ಉಂಡಳು. ಅಷ್ಟರಲ್ಲಿ ಫೋನು ಹತ್ತಿ ಜಮಖಂಡಿಯಿಂದ ಮಗಳ ದನಿ ಬಂತು.

“ಅವ್ವ ಉಂಡಾಳೇನಪ?”

ಈರಸಂಗಪ್ಪ ಸುಳ್ಳು ಹೇಳಿ ಗೊತ್ತಿಲ್ಲದವನು. “ಉಂಡಾಳವ. ಆದ್ರ ನೀ ಬಾ.”

“ಉಂಡಾಳಂದ್ರ ಆರಾಮ ಅದಾಳ ಬಿಡಪ. ಯಾಕ ಗಾಬರಿ ಆಗ್ತಿ? ಬಾಣಂತನ ಮುಗಿಸಿ ಕೂಸಿನ್ನ ಕರಕೊಂಡ ಬರ್ತೀನಿ.”

ಅವನು ವಜ್ರಮತಿಯತ್ತ ತಿರುಗಿದ. “ನೀವ ಹೇಳ್ರಿ,” ಎಂದು ಫೋನನ್ನು ವಜ್ರಮತಿಯ ಕೈಗಿತ್ತ.

ಇವತ್ತಿಗೂ ನಾವು ದೂರದವರಿಗೆ ಫೋನು ಮಾಡಿ ಮೊದಲು ಕೇಳುವುದು ಊಟವನ್ನೇ. ಆಯ್ತು ಎಂದರೆ ಸಮಾಧಾನಪಟ್ಟು ಇಟ್ಟುಬಿಡುತ್ತೇವೆ. ಆ ಉತ್ತರವನ್ನು ವಜ್ರಮತಿ ಕೆಲಸಕ್ಕೆ ಬಾರದಂತೆ ಮಾಡಿದ್ದಳು. ಊಟದ ಬದಲಿಗೆ ಏನು ಕೇಳಬೇಕೆಂದು ಯಾರಿಗೂ ಕಲಿಸಿರಲಿಲ್ಲ.

“ನಾ ಡಾಕ್ಟರ್ ಮಾತಾಡಾಕತ್ತೀನವ,” ಎಂದಳು.

“ನಿಮ್ಮ ಪುಣ್ಯಾರೀ,” ಎಂದಳು ದಾನಮ್ಮ. “ಅವ್ವ ಉಣ್ಣಾಕತ್ತಾಳ.”